ಹಿಡಿದವನ ಲೆಕ್ಕ ಬರೆಯುವವರು ಯಾರು?

ಶ್ರಾವಣದ ಮೋಡ ಕವಿದ ಮಧ್ಯಾಹ್ನ. ಕೆಮ್ಮಣ್ಣಿನ ಮೈದಾನದಲ್ಲಿ ಬೆಳಿಗ್ಗೆ ಎಳೆದ ಸುಣ್ಣದ ಗೆರೆ ಅರ್ಧ ಅಳಿಸಿಹೋಗಿದೆ. ಪಾವಗಡದ ಕಡೆಯಿಂದ ಕೋಳಿ ಕೂಗುವ ಹೊತ್ತಿಗೆ ಬಸ್ಸು ಹಿಡಿದು ಬಂದ ಹುಡುಗರು ಒಂದು ಕಡೆ, ಶಿರಾದವರು ಇನ್ನೊಂದು ಕಡೆ. ರೇಡಿಗೆ ಹೋದವನು ಇಬ್ಬರನ್ನು ಮುಟ್ಟಿ ಗೆರೆಯತ್ತ ಹಾರಿದರೆ ಸಾಕು, ಕಾಂಪೌಂಡಿನ ಮೇಲೆ ಕುಳಿತವರೆಲ್ಲ ಶಿಳ್ಳೆ ಹಾಕುತ್ತಾರೆ. ಅದೇ ಹುಡುಗನನ್ನು ಮುಂದಿನ ರೇಡಿನಲ್ಲಿ ಎಡಮೂಲೆಯವನು ಕಣಕಾಲು ಹಿಡಿದು ಉರುಳಿಸಿದಾಗಲೂ ಗದ್ದಲವೇಳುತ್ತದೆ, ನಿಜ. ಆದರೆ ಆಗ ಕೇಳಿಬರುವ ಮಾತು 'ಅಯ್ಯೋ, ಸಿಕ್ಕಿಬಿದ್ದುಬಿಟ್ಟನಲ್ಲ!' ಎಂಬುದು. ಸಿಕ್ಕಿಬಿದ್ದವನ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ. ಹಿಡಿದವನು ಮೊಣಕಾಲಿನ ಮಣ್ಣು ಕೊಡವಿಕೊಂಡು ತನ್ನ ಮೂಲೆಗೆ ಹಿಂದಿರುಗಿರುತ್ತಾನೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕೂ ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದರೂ ಶಾಲೆಗಳ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನಿಸಿಕೊಂಡಿವೆ. ತಾಲ್ಲೂಕಿನಲ್ಲಿ ಗೆದ್ದವರು ಇಲ್ಲಿನ ಜಿಲ್ಲಾ ಮಟ್ಟಕ್ಕೆ, ಅಲ್ಲಿ ಗೆದ್ದವರು ವಿಭಾಗಕ್ಕೆ, ಅದನ್ನೂ ದಾಟಿದವರು ರಾಜ್ಯಮಟ್ಟಕ್ಕೆ. ಈ ಸೀಮೆಯಲ್ಲಿ ಫುಟ್‌ಬಾಲ್ ಆಡುವ ಮಕ್ಕಳು ಕಡಿಮೆ. ಹಳ್ಳಿಯ ಶಾಲೆಗಳಲ್ಲಿ ಮಕ್ಕಳು ಆಡುವುದು ಕಬಡ್ಡಿ, ಖೊಖೊ, ವಾಲಿಬಾಲ್. ಅದರಲ್ಲೂ ಕಬಡ್ಡಿಗೆ ಚೆಂಡು ಬೇಡ, ಬಲೆ ಬೇಡ, ಬೂಟು ಬೇಡ. ಕಲ್ಲು ಆಯ್ದ ಒಂದು ತುಂಡು ನೆಲವಿದ್ದರೆ ಆಯಿತು. ಫುಟ್‌ಬಾಲ್ ಆಡುವ ದೇಶಗಳಲ್ಲಿ ನಡೆಯುವ ಒಂದು ಹಳೆಯ ಜಗಳ ಮಾತ್ರ ಇಲ್ಲಿಯೂ ಇದೆ: ಗೋಲು ಹೊಡೆಯುವವನು ಹೆಚ್ಚೋ, ಗೋಲು ಬಿಡದೆ ಕಾಯುವವನು ಹೆಚ್ಚೋ? ಇಲ್ಲಿ ಆ ಪ್ರಶ್ನೆ ರೇಡರ್ ಹೆಚ್ಚೋ, ಹಿಡಿಯುವವನು ಹೆಚ್ಚೋ ಎಂದಾಗುತ್ತದೆ.

ಕಬಡ್ಡಿಯ ಸೊಗಸೆಂದರೆ, ಈ ಪ್ರಶ್ನೆಗೆ ಅದರ ನಿಯಮಪುಸ್ತಕವೇ ಅರ್ಧ ಉತ್ತರ ಕೊಟ್ಟುಬಿಟ್ಟಿದೆ. ಫುಟ್‌ಬಾಲಿನಲ್ಲಿ ಗೋಲು ತಡೆದವನಿಗೆ ಅಂಕವಿಲ್ಲ. ಕಬಡ್ಡಿಯಲ್ಲಿ ಒಬ್ಬನನ್ನು ಮುಟ್ಟಿ ಬಂದರೆ 1 ಅಂಕ, ಒಬ್ಬ ರೇಡರನನ್ನು ಹಿಡಿದರೂ 1 ಅಂಕ. ಎರಡರಲ್ಲೂ ಹೊರಗೆ ಕುಳಿತ ತನ್ನ ಕಡೆಯವನೊಬ್ಬ ಒಳಗೆ ಬರುತ್ತಾನೆ. ರೇಡರನಿಗೆ ಒಂದೇ ಉಸಿರಿನಲ್ಲಿ ಎರಡು ಮೂರು ಅಂಕ ತರುವ ಅವಕಾಶವಿದೆ. ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ಬೋನಸ್ ಗೆರೆ ದಾಟಿದರೆ ಇನ್ನೂ ಒಂದು. ಹಿಡಿಯುವವರಿಗೂ ಸೂಪರ್ ಟ್ಯಾಕಲ್ ಎಂಬುದೊಂದು ಇದೆ: ಅಂಗಳದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಿರುವಾಗ ರೇಡರನನ್ನು ಹಿಡಿದರೆ 2 ಅಂಕ. ತಕ್ಕಡಿಯ ಎರಡೂ ತಟ್ಟೆಗಳನ್ನು ಸಮ ಮಾಡಲು ನಿಯಮ ಮಾಡಿದವರು ಸಾಕಷ್ಟು ತಲೆ ಕೆಡಿಸಿಕೊಂಡಿದ್ದಾರೆ ಎಂದೇ ಹೇಳಬೇಕು.

ಹಾಗಿದ್ದೂ ನೋಡುವವರ ಕಣ್ಣಿನಲ್ಲಿ ತಕ್ಕಡಿ ಒಂದೇ ಕಡೆ ವಾಲುವುದೇಕೆ? ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಒಬ್ಬ ಹುಡುಗ ಒಂದು ಪಂದ್ಯದಲ್ಲಿ 10 ಸಲ ರೇಡಿಗೆ ಹೋದ ಎಂದಿಟ್ಟುಕೊಳ್ಳಿ. 5 ಸಲ ಒಬ್ಬೊಬ್ಬರನ್ನು ಮುಟ್ಟಿ ಬಂದ, 3 ಸಲ ಸಿಕ್ಕಿಬಿದ್ದ, 2 ಸಲ ಬರಿಗೈಯಲ್ಲಿ ಬಂದ. ಅವನು ತಂದದ್ದು 5, ಕೊಟ್ಟದ್ದು 3, ತಂಡಕ್ಕೆ ಉಳಿದದ್ದು 2. ಅದೇ ತಂಡದ ಮೂಲೆಯ ಹುಡುಗ 3 ಸಲ ಹಿಡಿದ, 1 ಸಲ ಹಿಡಿತ ತಪ್ಪಿ ಅಂಕ ಕೊಟ್ಟ. ಅವನಿಂದಲೂ ತಂಡಕ್ಕೆ ಉಳಿದದ್ದು 2. ಇಬ್ಬರೂ ಸಮ. ಆದರೆ ಸಂಜೆ ಊರಿಗೆ ಹೋದ ಮೇಲೆ ಒಬ್ಬ '5 ಪಾಯಿಂಟು' ಎನ್ನುತ್ತಾನೆ, ಇನ್ನೊಬ್ಬ 'ಮೂರು' ಎನ್ನುತ್ತಾನೆ. ಮನೆಯಲ್ಲಿ ಕಳೆಯುವ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಲೆಕ್ಕಕ್ಕೇ ಸಿಗದ ಇನ್ನೊಂದಿದೆ. ಎದುರಾಳಿ ರೇಡರ್ 30 ಸೆಕೆಂಡು ಉಸಿರು ಬಿಗಿಹಿಡಿದು ಎಡಕ್ಕೂ ಬಲಕ್ಕೂ ಓಡಾಡಿ ಏನೂ ಸಿಗದೆ ಹಿಂದಿರುಗಿದ ಎನ್ನಿ. ಅಂಕಪುಸ್ತಕದಲ್ಲಿ ಅಲ್ಲಿ ಖಾಲಿ. ಅವನನ್ನು ಬರಿಗೈಯಲ್ಲಿ ಕಳಿಸಿದ್ದು ಮಾತ್ರ ಏಳು ಜನರ ಕೆಲಸ. ಮೂಲೆಯವನು ಕಾಲು ಒಡ್ಡುವಂತೆ ಮಾಡಿ ಒಡ್ಡಲಿಲ್ಲ. ಪಕ್ಕದವನು ಕೈ ಬಿಡಲಿಲ್ಲ. ಕವರಿನ ಇಬ್ಬರು ಅರ್ಧ ಹೆಜ್ಜೆ ಮುಂದೆ ಬಂದು ಮತ್ತೆ ಹಿಂದೆ ಸರಿದರು. ಏನೂ ಆಗದಂತೆ ನೋಡಿಕೊಳ್ಳುವುದೇ ಅವರ ಸಾಧನೆಯಾದ್ದರಿಂದ ಅದಕ್ಕೆ ಸಾಕ್ಷಿ ಇರುವುದಿಲ್ಲ. ಮನೆಯಲ್ಲಿ ದಿನವೂ ಸೋಸಿ ಕುದಿಸಿದ ನೀರು ಕೊಡುವ ತಾಯಿಗೆ 'ಇವತ್ತು ಯಾರಿಗೂ ಭೇದಿಯಾಗಲಿಲ್ಲ' ಎಂದು ಯಾರು ಬಹುಮಾನ ಕೊಡುತ್ತಾರೆ?

ಇದು ಹಳ್ಳಿಯ ಮೈದಾನದ ಕಥೆ ಮಾತ್ರವಲ್ಲ. ಪ್ರೊ ಕಬಡ್ಡಿ 2014ರಲ್ಲಿ ಆರಂಭವಾದ ಮೇಲೆ ಮಕ್ಕಳ ಗೋಡೆಯ ಮೇಲೆ ಅಂಟಿಕೊಂಡ ಚಿತ್ರಗಳು ಹೆಚ್ಚಾಗಿ ರೇಡರುಗಳದ್ದೇ. ಪರ್ದೀಪ್ ನರ್ವಾಲ್ ಅವರ ರೇಡಿನ ಅಂಕಗಳು 1,700ನ್ನು ದಾಟಿದವು. ಹಿಡಿಯುವುದರಲ್ಲಿ ಎಲ್ಲರಿಗಿಂತ ಮುಂದಿರುವ ಇರಾನಿನ ಫಜಲ್ ಅತ್ರಾಚಲಿ ದಾಟಿದ್ದು 500ನ್ನು. ಒಂದರ ಪಕ್ಕ ಒಂದಿಟ್ಟರೆ ಎರಡನೆಯದು ಬಡವಾಗಿ ಕಾಣುತ್ತದೆ. ಆದರೆ ಹಣ ಹಾಕಿ ತಂಡ ಕಟ್ಟುವವರು ಬೇರೆಯೇ ತಕ್ಕಡಿ ಹಿಡಿದರು. 2018ರ ಹರಾಜಿನಲ್ಲಿ ಪ್ರೊ ಕಬಡ್ಡಿಯ ಚರಿತ್ರೆಯಲ್ಲೇ ಮೊದಲ ಬಾರಿಗೆ 1 ಕೋಟಿ ರೂಪಾಯಿ ಮುಟ್ಟಿದ ಆಟಗಾರ ರೇಡರ್ ಅಲ್ಲ, ಇದೇ ಫಜಲ್. ಅದೇ ಹರಾಜಿನಲ್ಲಿ ರೇಡರುಗಳು ಅವರನ್ನು ಹಿಂದೆ ಹಾಕಿದರೆಂಬುದೂ ನಿಜ. 2023ರ ಹರಾಜಿನಲ್ಲಿ ರೇಡರ್ ಪವನ್ ಸೆಹ್ರಾವತ್ 2 ಕೋಟಿ 60 ಲಕ್ಷಕ್ಕೂ ಹೆಚ್ಚು ಬೆಲೆ ಪಡೆದರೆ, ಹಿಡಿತಕ್ಕೆ ಹೆಸರಾದ ಇರಾನಿನ ಮೊಹಮ್ಮದ್‌ರೆಜಾ ಶಾದ್ಲು 2 ಕೋಟಿ 35 ಲಕ್ಷ ಪಡೆದರು. ಬಲ್ಲವರ ಕಣ್ಣಿನಲ್ಲಿ ಅಂತರ ಅಷ್ಟೇ.

ಶಾದ್ಲು ಆಡಿದ ಪುಣೇರಿ ಪಲ್ಟನ್ 2024ರ ಮಾರ್ಚಿನಲ್ಲಿ ಹರಿಯಾಣ ಸ್ಟೀಲರ್ಸ್ ತಂಡವನ್ನು 28–25ರಿಂದ ಸೋಲಿಸಿ ಪ್ರಶಸ್ತಿ ಪಡೆಯಿತು. ಆ ತಂಡದ ತರಬೇತುದಾರರು ನಮ್ಮ ಕರ್ನಾಟಕದ ಬಿ.ಸಿ. ರಮೇಶ್. ಅರ್ಜುನ ಪ್ರಶಸ್ತಿ ಪಡೆದ ಆಟಗಾರರಾಗಿದ್ದ ಅವರು 2019ರಲ್ಲಿ ಬೆಂಗಾಲ್ ವಾರಿಯರ್ಸ್ ಗೆದ್ದಾಗಲೂ ಅದರ ತರಬೇತುದಾರರಾಗಿದ್ದರು.

ಹಿಡಿತದ ಬೆಲೆ ಭಾರತಕ್ಕೆ ಕಹಿಯಾಗಿ ತಿಳಿದದ್ದು 2018ರ ಜಕಾರ್ತ ಏಷ್ಯಾಡ್‌ನಲ್ಲಿ. ಕಬಡ್ಡಿ 1990ರ ಬೀಜಿಂಗ್ ಏಷ್ಯಾಡ್‌ಗೆ ಸೇರಿದಂದಿನಿಂದ 2014ರವರೆಗೆ ಏಳಕ್ಕೆ ಏಳೂ ಚಿನ್ನ ಭಾರತದ ಪುರುಷರದ್ದೇ. ಜಕಾರ್ತದ ತಂಡದಲ್ಲಿ ಹೆಸರುವಾಸಿ ರೇಡರುಗಳಿಗೆ ಕೊರತೆಯಿರಲಿಲ್ಲ. ಸೆಮಿಫೈನಲಿನಲ್ಲಿ ಇರಾನ್ ಎದುರು ಆ ತಂಡ ಗಳಿಸಿದ್ದು 18 ಅಂಕ, ಸೋತದ್ದು 18–27ರಿಂದ. ಕುಸ್ತಿಯ ದೇಶವಾದ ಇರಾನ್ ಕಬಡ್ಡಿಯನ್ನು ಕಲಿತದ್ದೇ ಹಿಡಿಯುವ ಕಡೆಯಿಂದ. ಆ ವರ್ಷ ಅವರ ಮಹಿಳೆಯರೂ ಫೈನಲಿನಲ್ಲಿ ಭಾರತವನ್ನು 27–24ರಿಂದ ಸೋಲಿಸಿದರು.

ಹಾಗೆಂದು ಹಿಡಿತವೇ ಎಲ್ಲ ಎನ್ನಲು ಹೊರಟರೆ 2019ರ ಜನವರಿ 5ರ ಫೈನಲ್ ಅಡ್ಡ ಬರುತ್ತದೆ. ಬೆಂಗಳೂರು ಬುಲ್ಸ್ ಅಭಿಮಾನಿಗಳು ಅದನ್ನು ಮರೆತಿರಲಾರರು. ಎದುರಿಗಿದ್ದ ಗುಜರಾತ್ ತಂಡ ಬಿಗಿ ರಕ್ಷಣೆಗೆ ಹೆಸರಾಗಿತ್ತು; ವಿರಾಮದ ಹೊತ್ತಿಗೆ ಮುಂದೆಯೂ ಇತ್ತು. ಪವನ್ ಸೆಹ್ರಾವತ್ ಒಬ್ಬರೇ 22 ಅಂಕ ತಂದು ಬುಲ್ಸ್ 38–33ರಿಂದ ಗೆದ್ದಿತು. ಫುಟ್‌ಬಾಲಿನಲ್ಲೂ ಹೀಗೆಯೇ. 2004ರ ಯೂರೋ ಕಪ್ಪಿನಲ್ಲಿ ಗ್ರೀಸ್ ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್ ಮೂರನ್ನೂ 1–0ಯಿಂದ ಗೆದ್ದು ಕಾಯುವವರ ಮಹಿಮೆ ತೋರಿಸಿತು. ಆದರೆ ಆ 1 ಇಲ್ಲದಿದ್ದರೆ 0ಗೆ ಬೆಲೆ ಬರುತ್ತಿತ್ತೇ? ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧುಗಿರಿಯ ಬೆಟ್ಟ, ಮಿಡಿಗೇಶಿ, ಚನ್ನರಾಯನದುರ್ಗ, ನಿಡಗಲ್ಲು, ಪಾವಗಡ, ಶಿರಾ, ಎಲ್ಲಿ ನೋಡಿದರೂ ಕೋಟೆಗಳೇ. ಅಷ್ಟು ಗೋಡೆ ಕಟ್ಟಿಯೂ ಶಿರಾ ಕೋಟೆ ಬಿಜಾಪುರ, ಮೊಗಲರು, ಮರಾಠರು, ಹೈದರಾಲಿ ಎಂದು ಕೈಯಿಂದ ಕೈಗೆ ಹೋಗುತ್ತಲೇ ಇತ್ತು.

ದೊಡ್ಡವರ ಆಟದಲ್ಲಿ ಈ ವಾದ ಎಷ್ಟು ಬೇಕಾದರೂ ನಡೆಯಲಿ. ಶಾಲೆಯ ಮಕ್ಕಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆಯೇ ಬೇರೆ: 13 ವರ್ಷದ ಹುಡುಗನಿಗೆ 'ನೀನು ರೇಡರ್, ನೀನು ಕಾರ್ನರ್' ಎಂದು ಹಣೆಗೆ ಚೀಟಿ ಅಂಟಿಸುವುದು ಸರಿಯೇ?

ಎಂಟನೇ ತರಗತಿಯ ಸಾಲನ್ನು ಒಮ್ಮೆ ನೋಡಿ. ಒಬ್ಬನಿಗೆ ಆಗಲೇ ಮೀಸೆ ಚಿಗುರಿದೆ. ಪಕ್ಕದವನು ಐದನೇ ತರಗತಿಯವನಂತೆ ಕಾಣುತ್ತಾನೆ. ಇಬ್ಬರ ವಯಸ್ಸೂ ಒಂದೇ. ಹುಡುಗಿಯರಲ್ಲಿ ದೇಹ ದಿಢೀರನೆ ಬೆಳೆಯುವುದು ಸಾಮಾನ್ಯವಾಗಿ 11–12ರ ಆಸುಪಾಸಿನಲ್ಲಿ, ಹುಡುಗರಲ್ಲಿ 13–14ರ ಸುಮಾರಿಗೆ. ಕೆಲವರಲ್ಲಿ ಒಂದೆರಡು ವರ್ಷ ಮೊದಲು, ಕೆಲವರಲ್ಲಿ ಒಂದೆರಡು ವರ್ಷ ತಡವಾಗಿ. ಮೊದಲು ಬೆಳೆದ ಭಾರದ ಹುಡುಗನನ್ನು ಹಿಡಿಯಲು ನಿಲ್ಲಿಸುತ್ತಾರೆ, ಪುಟ್ಟ ಚುರುಕಿನವನನ್ನು ರೇಡಿಗೆ ಕಳಿಸುತ್ತಾರೆ. ಹತ್ತನೇ ತರಗತಿಗೆ ಬರುವಷ್ಟರಲ್ಲಿ ಪುಟ್ಟವನು ಎಲ್ಲರನ್ನೂ ಮೀರಿ ಉದ್ದವಾಗಿರುತ್ತಾನೆ. ಅವನಿಗೆ ಹಿಡಿಯಲು ಬಾರದು. ಮೊದಲು ಭಾರವಾಗಿದ್ದವನು ಈಗ ತಂಡದಲ್ಲೇ ಸಣ್ಣವನು. ಅವನು ಒಂದು ದಿನವೂ ಗೆರೆ ದಾಟಿ ಹೋದವನಲ್ಲ. ತಂಡದಿಂದ ಕೈಬಿಡುವುದು ಅವನನ್ನೇ. ಶಾಲಾ ಕಬಡ್ಡಿಯಲ್ಲಿ ತೂಕದ ಮಿತಿಯೂ ಇರುವುದರಿಂದ, ಮೈತೂಕವನ್ನೇ ನಂಬಿದ ಹಿಡಿತಗಾರನಿಗೆ ಅಲ್ಲಿಯೂ ಕಷ್ಟ. ತೂಕ ನೋಡುವ ದಿನ ಊಟ ಬಿಟ್ಟು, ಬಿಸಿಲಿನಲ್ಲಿ ಓಡಿ ಬಂದು, ನೀರು ಕುಡಿಯದೆ ನಿಲ್ಲುವ ಮಕ್ಕಳನ್ನು ಕಂಡರೆ ಪಾಲಕರು ಖಂಡಿತ ತಡೆಯಬೇಕು. ನೀರಿಲ್ಲದ ಮೈಯಲ್ಲಿ ಆಟವೂ ಬರದು, ಆರೋಗ್ಯವೂ ಉಳಿಯದು.

ಹಿಡಿಯುವುದಕ್ಕೆ ಮೈಬಲ ಸಾಕು ಎಂಬ ನಂಬಿಕೆಯೂ ತಪ್ಪು. ಕಣ್ಣಿಗೆ ಕಂಡದ್ದಕ್ಕೆ ಕೈ ಮುಂದಾಗಲು ಸುಮಾರು 0.2 ಸೆಕೆಂಡು ಹಿಡಿಯುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹಿಂದೆ ಚಿಮ್ಮುವ ರೇಡರ್ ಅಷ್ಟರಲ್ಲಿ 80 ಸೆಂಟಿಮೀಟರ್ ದೂರ ಹೋಗಿರುತ್ತಾನೆ. ಹೈಸ್ಕೂಲು ಹುಡುಗನ ತೋಳು ಅಷ್ಟು ಉದ್ದವಿರುವುದಿಲ್ಲ. ಅಂದರೆ, ನೋಡಿದ ಮೇಲೆ ಹಿಡಿಯಲು ಹೋದವನು ಯಾವಾಗಲೂ ತಡವೇ. ಒಳ್ಳೆಯ ಹಿಡಿತಗಾರ ನೋಡುವುದು ರೇಡರನ ಕೈಯನ್ನಲ್ಲ, ಸೊಂಟವನ್ನು. ಮೈಭಾರ ಯಾವ ಕಾಲಿನಿಂದ ಯಾವ ಕಾಲಿಗೆ ಜಾರುತ್ತಿದೆ ಎಂಬುದನ್ನು. ಮುಂಗಾಲು ನೆಲ ಬಿಟ್ಟ ಕ್ಷಣವೇ ಕಣಕಾಲಿಗೆ ಕೈ ಹಾಕುವ ಕ್ಷಣ. ಏಕೆ? ಮುಂದೆ ಹೋಗಬೇಕಾದರೆ ಯಾರೇ ಆದರೂ ನೆಲವನ್ನು ಹಿಂದಕ್ಕೆ ಒದೆಯಬೇಕು, ಆಗ ನೆಲ ಅವನನ್ನು ಮುಂದಕ್ಕೆ ತಳ್ಳುತ್ತದೆ. ಒಂಬತ್ತನೇ ತರಗತಿಯ ಪುಸ್ತಕದಲ್ಲಿರುವ ನ್ಯೂಟನ್ನನ ಮೂರನೇ ನಿಯಮ ಇದೇ. ನೆಲಕ್ಕೆ ತಾಗದ ಕಾಲು ಎಷ್ಟೇ ಬಲವಾಗಿರಲಿ, ಒದೆಯಲು ಅದಕ್ಕೆ ಏನೂ ಸಿಗುವುದಿಲ್ಲ. ಇನ್ನು 45 ಕಿಲೋ ತೂಗುವವನು ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ನುಗ್ಗಿದರೆ ಅವನನ್ನು ಒಬ್ಬನೇ ನಿಂತು ತಡೆಯುವುದು ಕಷ್ಟ. ಇಬ್ಬರು ಕೈ ಕೈ ಹಿಡಿದು ಚೈನ್ ಮಾಡುವುದು ಅದಕ್ಕೇ. ಕೈ ಹಿಡಿದ ಇಬ್ಬರೂ ಒಟ್ಟಿಗೆ ಹೆಜ್ಜೆ ಇಟ್ಟರೆ ರೇಡರ್ ಡಿಕ್ಕಿ ಹೊಡೆಯುವುದು 90 ಕಿಲೋಗೆ. ಒಬ್ಬ ಮುಂದೆ, ಒಬ್ಬ ಹಿಂದೆ ಆದರೆ ಅದೇ ಕೈ ಇಬ್ಬರನ್ನೂ ಬೀಳಿಸುವ ಹಗ್ಗವಾಗುತ್ತದೆ.

ಈ ಒಟ್ಟು ಹೆಜ್ಜೆ ಬರಲು ತಿಂಗಳುಗಟ್ಟಲೆ ಬೇಕು. ತೊಡಕು ಇರುವುದೇ ಅಲ್ಲಿ. ರೇಡನ್ನು ಒಬ್ಬ ಹುಡುಗ ತನ್ನ ಹಿತ್ತಲಲ್ಲಿ ಒಂದು ಕಂಬದ ಸುತ್ತ ಓಡಿಯೂ ಕಲಿಯಬಲ್ಲ. ಹಿಡಿತಕ್ಕೆ ಏಳು ಜನವೂ ಬರಬೇಕು. ಕ್ರೀಡಾಕೂಟಗಳು ನಡೆಯುವುದು ಕಡಲೆಕಾಯಿ ಹೊಲದಲ್ಲಿ ಕಳೆ ಕೀಳುವ ಕಾಲದಲ್ಲಿ. ಇವತ್ತು ಇಬ್ಬರು ಬಂದರೆ ನಾಳೆ ಬೇರೆ ಇಬ್ಬರು. ಸಂಜೆ ಐದರ ಬಸ್ಸು ತಪ್ಪಿದರೆ ಮನೆ ಸೇರಲು ಬೇರೆ ದಾರಿಯಿಲ್ಲದವರೂ ಇದ್ದಾರೆ. ಎಷ್ಟೋ ಶಾಲೆಗಳಲ್ಲಿ ಗಣಿತದ ಮೇಷ್ಟ್ರೇ ಸೀಟಿ ಊದಬೇಕು. ಕೈಯಲ್ಲಿ ಮೂರು ವಾರವಿರುವ ಮೇಷ್ಟ್ರು ಒಬ್ಬ ಓಟಗಾರನನ್ನು ಆರಿಸಿ ಅವನ ಮೇಲೆ ಭಾರ ಹಾಕಿದರೆ ಅವರನ್ನು ದೂರುವಂತಿಲ್ಲ. ಹೋಬಳಿಯಲ್ಲಿ ಆ ಉಪಾಯ ನಡೆಯುತ್ತದೆ. ತಾಲ್ಲೂಕಿನಲ್ಲೂ ನಡೆದರೆ ನಡೆಯಬಹುದು. ಮೇಲಿನ ಹಂತದಲ್ಲಿ ಅವನನ್ನೇ ಗುರಿಯಿಟ್ಟು ಹಿಡಿಯುವ ತಂಡ ಎದುರಾದರೆ ಮೂರನೇ ನಿಮಿಷಕ್ಕೆ ಅವನು ಹೊರಗೆ. ಅವನು ಒಳಗೆ ಬರಬೇಕಾದರೆ ಉಳಿದವರು ಒಂದು ಅಂಕ ತರಬೇಕು. ಅವರಿಗೆ ರೇಡೂ ಬಾರದು, ಹಿಡಿಯಲೂ ಬಾರದು. ಒಬ್ಬೊಬ್ಬರಾಗಿ ಔಟಾಗಿ ಕಡೆಗೆ ಲೋನಾ. ಎದುರಾಳಿಗೆ ಇನ್ನೆರಡು ಅಂಕ. ಅಂಗಳದ ಪಕ್ಕ ಕುಳಿತ ಆ ಓಟಗಾರನ ಮುಖ ನೋಡಲಾಗದು. ಸೋಲಿಗೆ ತಾನೇ ಕಾರಣ ಎಂದು ಅವನು ಬಗೆಯುತ್ತಾನೆ. ಊರಿನವರೂ ಹಾಗೇ ಹೇಳುತ್ತಾರೆ.

ಪೆಟ್ಟಿನ ವಿಷಯದಲ್ಲೂ ಕಲಿಯದ ಹಿಡಿತ ಅಪಾಯದ್ದು. ಮ್ಯಾಟ್ ಮೇಲೆ ಆಡುವವರನ್ನು ಟಿ.ವಿ.ಯಲ್ಲಿ ನೋಡಿ, ಗರಸು ನೆಲದ ಮೇಲೆ ಹಾಗೇ ಜಿಗಿದರೆ ಮೊಣಕಾಲಿನ ಚರ್ಮ ಹೋಗುವುದು ಸಣ್ಣ ಪೆಟ್ಟು. ತಲೆ ನೆಲಕ್ಕೆ ಬಡಿದರೆ ದೊಡ್ಡದು. ಎರಡೂ ಕಾಲಿನಿಂದ ಕತ್ತರಿ ಹಾಕುವುದು, ಬಾಯಿ ಮುಚ್ಚಿ ಉಸಿರು ಕಟ್ಟಿಸುವುದು, ಕೂದಲು ಅಥವಾ ಬಟ್ಟೆ ಹಿಡಿದೆಳೆಯುವುದು ನಿಯಮಕ್ಕೆ ವಿರುದ್ಧ. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು. ತಲೆಗೆ ಪೆಟ್ಟು ಬಿದ್ದ ಮಗುವಿನ ಮುಖಕ್ಕೆ ನೀರು ಚಿಮುಕಿಸಿ ಮತ್ತೆ ಅಂಗಳಕ್ಕೆ ಕಳಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಉಳಿದಿದೆ. ಅದು ನಿಲ್ಲಬೇಕು. ಅಂದು ಅವನ ಆಟ ಮುಗಿಯಿತು ಎಂದೇ ತಿಳಿದು ವೈದ್ಯರಿಗೆ ತೋರಿಸಬೇಕು.

ಹುಡುಗಿಯರ ತಂಡಗಳಲ್ಲಿ ಒಂದು ಒಳ್ಳೆಯ ಸಂಗತಿ ಕಾಣುತ್ತದೆ. 'ಹೆಣ್ಣುಮಕ್ಕಳಿಗೆ ಯಾಕೆ ಬಿದ್ದು ಏಳುವ ಆಟ' ಎಂಬ ಮನೆಯವರ ಗೊಣಗಾಟವನ್ನು ದಾಟಿ ಬಂದವರಾದ್ದರಿಂದ ತಂಡಕ್ಕೆ ಏಳು ಜನ ಸೇರುವುದೇ ಕಷ್ಟ. ಹಾಗಾಗಿ ಬಂದವರೆಲ್ಲ ಎಲ್ಲವನ್ನೂ ಆಡುತ್ತಾರೆ: ರೇಡಿಗೂ ಹೋಗುತ್ತಾರೆ, ಮೂಲೆಯಲ್ಲೂ ನಿಲ್ಲುತ್ತಾರೆ. ಕೊರತೆಯಿಂದ ಬಂದದ್ದಾದರೂ ಅದು ಸರಿಯಾದ ಪಾಠವೇ. ಮಹಿಳೆಯರ ಕಬಡ್ಡಿ ಮೊದಲ ಬಾರಿಗೆ ಏಷ್ಯಾಡ್‌ನಲ್ಲಿ ನಡೆದ 2010ರಲ್ಲಿ ಗುವಾಂಗ್‌ಝೌನಿಂದ ಚಿನ್ನ ತಂದ ಭಾರತ ತಂಡದಲ್ಲಿ ಕರ್ನಾಟಕದ ತೇಜಸ್ವಿನಿ ಬಾಯಿ ಮತ್ತು ಮಮತಾ ಪೂಜಾರಿ ಇಬ್ಬರೂ ಇದ್ದರು. ಗೊಣಗುವ ಮನೆಯವರಿಗೆ ಈ ಎರಡು ಹೆಸರು ಹೇಳಬಹುದು.

ಶಾಲೆಗಳಲ್ಲಿ ಮಾಡಬಹುದಾದದ್ದು ಬಹಳ ಖರ್ಚಿನದಲ್ಲ. ತರಗತಿ ತರಗತಿಗಳ ನಡುವಿನ ಪಂದ್ಯಗಳಲ್ಲಾದರೂ ಏಳು ಜನರಲ್ಲಿ ಪ್ರತಿಯೊಬ್ಬರೂ ಕನಿಷ್ಠ ಎರಡು ಸಲ ರೇಡಿಗೆ ಹೋಗಲೇಬೇಕು ಎಂಬ ಕಟ್ಟಳೆ ಮಾಡಬಹುದು. ರೇಡರ್ ಎನಿಸಿಕೊಂಡವನನ್ನು ವಾರಕ್ಕೆ ಒಂದು ದಿನ ಮೂಲೆಯಲ್ಲೇ ನಿಲ್ಲಿಸಬಹುದು. ತನ್ನಂಥವನನ್ನು ಹಿಡಿಯುವುದು ಎಷ್ಟು ಕಷ್ಟ ಎಂದು ತಿಳಿದ ಮೇಲೆ, ತಾನು ಎಲ್ಲಿ ಸಿಕ್ಕಿಬೀಳುತ್ತೇನೆ ಎಂಬುದೂ ಅವನಿಗೆ ತಿಳಿಯುತ್ತದೆ. ಈ ಪಂದ್ಯಗಳಲ್ಲಿ ಒಂದೆರಡನ್ನು ಸೋತರೂ ನಷ್ಟವಿಲ್ಲ. ತಾಲ್ಲೂಕಿನ ಕಪ್ಪಿಗಾಗಿ ಎಂಟನೇ ತರಗತಿಯ ಮಗುವಿನ ಅರ್ಧ ಆಟವನ್ನು ಕಲಿಸದೆ ಬಿಡುವುದು ದುಬಾರಿ ವ್ಯಾಪಾರ.

ಇನ್ನು ಅಂಕಪುಸ್ತಕ. ಆಟ ಆಡದ ಮಕ್ಕಳಲ್ಲಿ ಲೆಕ್ಕದಲ್ಲಿ ಚುರುಕಾದವರು ಇದ್ದೇ ಇರುತ್ತಾರೆ. ಅಂಥ ಒಬ್ಬ ಹುಡುಗನಿಗೋ ಹುಡುಗಿಗೋ ಒಂದು ನೋಟುಪುಸ್ತಕ ಕೊಟ್ಟು ಪ್ರತಿ ಆಟಗಾರನ ಮುಂದೆ ನಾಲ್ಕು ಮನೆ ಎಳೆಯಲು ಹೇಳಿ: ರೇಡಿನಲ್ಲಿ ತಂದದ್ದು, ಸಿಕ್ಕಿಬಿದ್ದು ಕೊಟ್ಟದ್ದು, ಹಿಡಿದದ್ದು, ಹಿಡಿತ ತಪ್ಪಿ ಕೊಟ್ಟದ್ದು. ಪುಟದ ಕೆಳಗೆ ಇಡೀ ತಂಡಕ್ಕೆ ಐದನೆಯದೊಂದು: ಎದುರಾಳಿಯನ್ನು ಬರಿಗೈಯಲ್ಲಿ ಕಳಿಸಿದ್ದು ಎಷ್ಟು ಸಲ? ನಾಲ್ಕೈದು ಪಂದ್ಯಗಳಾದ ಮೇಲೆ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಆ ಪುಟವನ್ನು ತಂಡದ ಮುಂದೆ ಬಿಚ್ಚಿಡಿ. ಮೂಲೆಯ ಹುಡುಗ ಮೊದಲು ನೋಡುವುದು ಮೂರನೆಯ ಮನೆಯನ್ನು, ಶಿಳ್ಳೆ ಗಿಟ್ಟಿಸುವ ರೇಡರ್ ಮೊದಲು ನೋಡುವುದು ಒಂದನೆಯದನ್ನು. ಎರಡನೆಯ ಮನೆಯ ಮೇಲೆ ಅವನ ಕಣ್ಣು ಬೀಳುವವರೆಗೆ ಯಾರೂ ಏನೂ ಹೇಳುವುದು ಬೇಡ.